ಅಪ್ಪನ ಹಳೇ ಯಾಶಿಕಾ ಮಾರುವ ಮೊದಲು ಫೋಟೋ ಹೇಗೆ ತೆಗೆಯಬೇಕು?

ನಿಮ್ಮ ಪ್ರಶ್ನೆ ಓದಿದೆ. ತಂದೆಯವರು ಶಿರಸಿಯಲ್ಲಿ ಸ್ಟುಡಿಯೋ ನಡೆಸುತ್ತಿದ್ದರು, ಅವರ ಯಾಶಿಕಾ ಮ್ಯಾಟ್ 124ಜಿ ಫಿಲ್ಮ್ ಕ್ಯಾಮೆರಾ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿದೆ, ಮಾರಬೇಕು, ಆದರೆ ಮೊಬೈಲ್ ಫ್ಲ್ಯಾಶ್ ಹಾಕಿ ತೆಗೆದರೆ ಒಂದು ಕಪ್ಪು ಮುದ್ದೆ, ನಡುವೆ ಬಿಳಿ ಚುಕ್ಕೆ ಅಷ್ಟೇ ಕಾಣುತ್ತದೆ ಅಂದಿದ್ದೀರಿ. ಅಣ್ಣನ ಡಿಎಸ್‌ಎಲ್‌ಆರ್ ಇದೆ, ಪೆಟ್ಟಿಗೆಯಲ್ಲೇ ಸಿಕ್ಕ ಒಂದು ಹಳೇ ಫ್ಲ್ಯಾಶ್ ಇದೆ, ಇಷ್ಟರಲ್ಲೇ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ನಾನು ಕಾರವಾರದಲ್ಲಿ ಅಂಗಡಿಗಳಿಗೆ ಸಾಮಾನಿನ ಫೋಟೋ ತೆಗೆದುಕೊಡುವವನು. ಹಳೇ ಕ್ಯಾಮೆರಾ ಕಂಡರೆ ಪ್ರೀತಿ ಜಾಸ್ತಿ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು, ಆ ಹಳೇ ಫ್ಲ್ಯಾಶನ್ನು ಅಣ್ಣನ ಡಿಎಸ್‌ಎಲ್‌ಆರ್ ಮೇಲೆ ಕೂರಿಸಬೇಡಿ. ಆಗಿನ ಕೆಲವು ಫ್ಲ್ಯಾಶ್‌ಗಳ ಪಿನ್ನಿನಲ್ಲಿ 200 ವೋಲ್ಟ್‌ಗಿಂತ ಜಾಸ್ತಿ ಇರುತ್ತದೆ. ವಿವಿಟಾರ್ 283ರ ಶುರುವಿನ ಮಾಡೆಲ್‌ಗಳು ಇದಕ್ಕೇ ಹೆಸರಾಗಿವೆ. ಹಳೇ ಕ್ಯಾಮೆರಾದೊಳಗೆ ಬರೀ ಎರಡು ಲೋಹದ ತುಂಡು ಒಂದಕ್ಕೊಂದು ತಾಗುತ್ತಿದ್ದವು, ಅದಕ್ಕೆ ಏನೂ ಆಗುತ್ತಿರಲಿಲ್ಲ. ಈಗಿನ ಕ್ಯಾಮೆರಾದಲ್ಲಿ ಇರುವುದು ಸೂಕ್ಷ್ಮ ಸರ್ಕೀಟು, ಒಮ್ಮೆ ಸುಟ್ಟರೆ ಮುಗಿಯಿತು. ಫ್ಲ್ಯಾಶ್ ಕೆಟ್ಟಿದೆ ಅಂತ ಬಿಚ್ಚಲೂ ಹೋಗಬೇಡಿ, ಒಳಗಿನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಕೂತಿರುತ್ತದೆ. ಸೆಲ್ ಹಾಕುವ ಜಾಗದಲ್ಲಿ ಹಸಿರು ಕಿಲುಬು ಇದ್ದರೆ ಒರೆಸಿ, ಹೊಸ ಸೆಲ್ ಹಾಕಿ, ಸುಮ್ನೆ ಸ್ವಲ್ಪ ಹೊತ್ತು ಆನ್ ಮಾಡಿ ಇಡಿ. ರೆಡಿ ದೀಪ ಹತ್ತಿದರೆ ಸಾಕು.

ಕ್ಯಾಮೆರಾ ಮೇಲೆ ಕೂರಿಸದೆ ಫ್ಲ್ಯಾಶ್ ಹೊಡೆಯುವುದು ಹೇಗೆ? ಹಳೇ ಸ್ಟುಡಿಯೋದವರಿಗೆಲ್ಲ ಗೊತ್ತಿದ್ದ ದಾರಿ ಇದು, ಓಪನ್ ಫ್ಲ್ಯಾಶ್ ಅಂತಾರೆ. ರಾತ್ರಿ ಕೋಣೆಯ ದೀಪ ಆರಿಸಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೇ ಹೋಗಿರುತ್ತದೆ, ಈ ಕೆಲಸಕ್ಕೆ ಅದೂ ಅನುಕೂಲವೇ. ಡಿಎಸ್‌ಎಲ್‌ಆರ್ ಟ್ರೈಪಾಡ್ ಮೇಲಿರಲಿ. ಟಾರ್ಚ್ ಬೆಳಕಿನಲ್ಲಿ ಫೋಕಸ್ ಮಾಡಿ, ಆಮೇಲೆ ಲೆನ್ಸನ್ನು ಮ್ಯಾನುಯಲ್‌ಗೆ ತಿರುಗಿಸಿ. ಐಎಸ್‌ಓ 100, ಎಫ್ 11 (ಲೆನ್ಸ್ ಎಷ್ಟು ತೆರೆದಿದೆ ಅನ್ನುವ ಅಂಕಿ, ಅಂಕಿ ಜಾಸ್ತಿ ಆದಷ್ಟೂ ಬೆಳಕು ಕಡಿಮೆ), ಶಟರ್ 8 ಸೆಕೆಂಡ್. ಫ್ಲ್ಯಾಶ್ ಇಲ್ಲದೆ ಒಂದು ಫೋಟೋ ತೆಗೆದು ನೋಡಿ, ಪೂರ್ತಿ ಕಪ್ಪಗೆ ಬರಬೇಕು. ಬಂದರೆ, ಆ 8 ಸೆಕೆಂಡ್ ಒಳಗೆ ಫ್ಲ್ಯಾಶ್ ಕೈಯಲ್ಲಿ ಹಿಡಿದು ಟೆಸ್ಟ್ ಬಟನ್ ಒತ್ತಿ. ಆ ಒಂದು ಮಿಂಚಿನ ಬೆಳಕಷ್ಟೇ ಫೋಟೋದಲ್ಲಿ ಉಳಿಯುತ್ತದೆ. ಶಟರ್ ಮುಚ್ಚುವ ಮೊದಲು ಮತ್ತೆ ಚಾರ್ಜ್ ಆದರೆ ಇನ್ನೊಂದು ಬದಿಯಿಂದ ಹೊಡೆಯಿರಿ. ಆಗದಿದ್ದರೆ ಶಟರನ್ನು ಬಲ್ಬ್‌ಗೆ (ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ತೆರೆದಿರುವ ಸೆಟ್ಟಿಂಗ್, ಬಿ ಅಂತಲೂ ಬರೆದಿರುತ್ತದೆ) ಹಾಕಿ, ಎಷ್ಟು ಹೊತ್ತು ಬೇಕೋ ಅಷ್ಟು ತೆರೆದಿಡಿ. ಇರುವ ಒಂದೇ ಫ್ಲ್ಯಾಶ್‌ನಲ್ಲಿ ಎರಡು ಮೂರು ದೀಪದ ಕೆಲಸ ಆಗುತ್ತದೆ.

ಆದರೆ ನೇರ ಹೊಡೆದರೆ ಮೊಬೈಲ್‌ನಲ್ಲಿ ಆದದ್ದೇ ಆಗುತ್ತದೆ. ಮೊಬೈಲ್ ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಕೂತಿರುತ್ತದೆ, ಮುಖಕ್ಕೇ ಬಡಿಯುತ್ತದೆ, ನೆರಳು ಎಲ್ಲೂ ಬೀಳುವುದಿಲ್ಲ. ನೆರಳಿಲ್ಲದಿದ್ದರೆ ಆಕಾರ ಕಾಣುವುದಿಲ್ಲ. ಜೊತೆಗೆ ಹೊಳೆಯುವ ಲೋಹ ಕನ್ನಡಿ ಇದ್ದ ಹಾಗೆ, ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಎದುರಿಗೆ ಚಿಕ್ಕ ಬಲ್ಬ್ ಇದ್ದರೆ ಚಿಕ್ಕ ಬಿಳಿ ಚುಕ್ಕೆ. ದೊಡ್ಡ ಬಿಳಿ ಹಾಳೆ ಇದ್ದರೆ ಅಂಚಿನುದ್ದಕ್ಕೂ ಒಂದು ನುಣುಪಾದ ಬಿಳಿ ಗೆರೆ. ಹಾಗಾಗಿ ನೀವು ಬೆಳಕು ಹಾಕಬೇಕಾದ್ದು ಯಾಶಿಕಾಕ್ಕಲ್ಲ, ಅದರ ಪಕ್ಕದಲ್ಲಿರುವ ಬಿಳಿ ಹಾಳೆಗೆ. ಇದೊಂದು ಮನಸ್ಸಿಗೆ ಬಂದರೆ ಉಳಿದದ್ದು ತಾನಾಗೇ ಬರುತ್ತದೆ.

ಟಿವಿ ಬಾಕ್ಸಿನಲ್ಲಿ ಬರುವ ಥರ್ಮಾಕೋಲ್ ಸಾಕು. ಅದನ್ನು ಯಾಶಿಕಾದ ಎಡಕ್ಕೆ, ಸ್ವಲ್ಪ ಹಿಂದೆ ನಿಲ್ಲಿಸಿ, ಫ್ಲ್ಯಾಶನ್ನು ಅದರ ಕಡೆ ತಿರುಗಿಸಿ ಹೊಡೆಯಿರಿ. ಬಲಕ್ಕೆ ಇನ್ನೊಂದು ಚಿಕ್ಕ ತುಂಡು ನಿಲ್ಲಿಸಿದರೆ ಆ ಕಡೆಯ ಕತ್ತಲೆ ಸ್ವಲ್ಪ ತಿಳಿಯಾಗುತ್ತದೆ. ಬೆಳಕು ಜಾಸ್ತಿ ಆಗುತ್ತಿದ್ದರೆ ಲೆಕ್ಕ ಸುಲಭ. ಫ್ಲ್ಯಾಶ್ ಮೇಲೆ ಗೈಡ್ ನಂಬರ್ (ಅದರ ಶಕ್ತಿ ಹೇಳುವ ಅಂಕಿ) 28 ಅಂತ ಇದ್ದರೆ, ಐಎಸ್‌ಓ 100ರಲ್ಲಿ 1 ಮೀಟರ್ ದೂರಕ್ಕೆ ಎಫ್ 28, 2 ಮೀಟರ್ ದೂರಕ್ಕೆ ಎಫ್ 14 ಬೇಕು ಅಂತ ಅರ್ಥ. ದೂರ ಎರಡು ಪಟ್ಟು ಮಾಡಿದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಹಿಂದೆ ಸರಿಯಲು ಜಾಗ ಇಲ್ಲದಿದ್ದರೆ ಫ್ಲ್ಯಾಶ್ ಬಾಯಿಗೆ ಬಟರ್ ಪೇಪರ್ ಎರಡು ಪದರ ಕಟ್ಟಿ.

ಹಿಂದಿನ ಪರದೆಗೆ ಮನೆಯ ಕರಿ ಕಂಬಳಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ, ಬೆಳಕನ್ನೆಲ್ಲ ಕುಡಿದುಬಿಡುತ್ತದೆ. ಆದರೆ ಅದರ ಎಳೆ ಉದುರುತ್ತದೆ. ಕ್ಯಾಮೆರಾ ಕೆಳಗೆ ಹಾಸಬೇಡಿ, ಒಂದು ಮೀಟರ್ ಹಿಂದೆ ತೂಗಹಾಕಿ. ಕೆಳಗೆ ಹಳೇ ಸಾಗವಾನಿ ಮೇಜು ಇದ್ದರೆ ತುಂಬ ಚೆಂದ. ಬಣ್ಣದ ಜಿಲೆಟಿನ್ ಪೇಪರ್ ಹಾಕಿ ನೀಲಿ, ಕೆಂಪು ಮಾಡುವ ಆಸೆ ಬರುತ್ತದೆ. ಮಾಡಿ, ಆದರೆ ಅದು ಹಿಂದಿನ ಗೋಡೆ ಮೇಲೆ ಮಾತ್ರ ಬೀಳಲಿ. ಕ್ಯಾಮೆರಾದ ಮೈ ಬಣ್ಣ ಬದಲಾಗಿ ಕಂಡರೆ ಕೊಳ್ಳುವವನಿಗೆ ಅನುಮಾನ ಶುರುವಾಗುತ್ತದೆ.

ಈಗ ನನಗೆ ತುಂಬ ಇಷ್ಟದ ಫೋಟೋ ಹೇಳುತ್ತೇನೆ. ನಿಮ್ಮದು ಎರಡು ಲೆನ್ಸಿನ ಕ್ಯಾಮೆರಾ. ಕೆಳಗಿನ 80 ಎಂಎಂ ಎಫ್ 3.5 ಫಿಲ್ಮಿಗೆ, ಮೇಲಿನ 80 ಎಂಎಂ ಎಫ್ 2.8 ನೋಡುವುದಕ್ಕೆ. ಮೇಲಿನದಕ್ಕೆ ಶಟರ್ ಇಲ್ಲ, ಯಾವಾಗಲೂ ತೆರೆದೇ ಇರುತ್ತದೆ. ಮೇಲಿನ ಮುಚ್ಚಳ ಎತ್ತಿದರೆ ಎದುರಿನ ದೃಶ್ಯ ಗಾಜಿನ ಮೇಲೆ ಎಡ ಬಲ ಅದಲುಬದಲಾಗಿ ಮೂಡುತ್ತದೆ. ಕೊಳ್ಳುವವರು ಮನಸೋಲುವುದು ಆ ಗಾಜಿಗೆ, ಮಾರುವವರ ಫೋಟೋಗಳಲ್ಲಿ ಅದೇ ಇರುವುದಿಲ್ಲ. ನಮ್ಮ ಹಳೇ ಮನೆಗಳಲ್ಲಿ ಹಗಲಲ್ಲೂ ಒಳಗೆ ಕತ್ತಲೆ, ಹೊರಗೆ ಅಂಗಳದಲ್ಲಿ ಬಿಸಿಲು. ಅದೇ ಬೇಕು. ನಡುಮನೆಯಲ್ಲಿ ಮೇಜು ಹಾಕಿ, ಯಾಶಿಕಾವನ್ನು ಬಾಗಿಲ ಕಡೆ ಮುಖ ಮಾಡಿ ಇಡಿ. ಪಕ್ಕದ ಗುಂಡಿ ತಿರುಗಿಸಿ ಅಂಗಳ, ಅದರಾಚೆಯ ಅಡಿಕೆ ಮರ ಗಾಜಿನ ಮೇಲೆ ಸ್ಪಷ್ಟವಾಗುವ ಹಾಗೆ ಮಾಡಿ. ಡಿಎಸ್‌ಎಲ್‌ಆರ್ ಅನ್ನು ನೇರ ಮೇಲಿನಿಂದ ಕೆಳಗೆ ನೋಡುವ ಹಾಗೆ ನಿಲ್ಲಿಸಿ. ಓರೆಯಾದರೆ ಗಾಜಿನ ಮೂಲೆಗಳು ಕಪ್ಪಾಗುತ್ತವೆ. ಫೋಕಸ್ ಗಾಜಿನ ಮೇಲೇ ಇರಬೇಕು. ಶಟರ್ 1 ಅಥವಾ 2 ಸೆಕೆಂಡ್ ಇಟ್ಟು, ಗಾಜಿನ ಚಿತ್ರ ಹಿತವಾಗಿ ಕಾಣುವ ತನಕ ಎಫ್ ನಂಬರ್ ಬದಲಿಸಿ. ಇಲ್ಲಿಯವರೆಗೆ ಫ್ಲ್ಯಾಶ್ ಬೇಡ. ಚಿತ್ರ ಸರಿಯಾದ ಮೇಲೆ, ಅದೇ ಸೆಟ್ಟಿಂಗ್‌ನಲ್ಲಿ ಶಟರ್ ತೆರೆದಿರುವಾಗ ಪಕ್ಕದ ಥರ್ಮಾಕೋಲಿಗೆ ಒಂದು ಸಲ ಫ್ಲ್ಯಾಶ್ ಹೊಡೆಯಿರಿ, ತಗ್ಗಿನಿಂದ. ಮುಚ್ಚಳದ ನಾಲ್ಕು ಗೋಡೆಗಳು ಗಾಜಿನ ಮೇಲೆ ಬೆಳಕು ಬೀಳದ ಹಾಗೆ ತಡೆಯುತ್ತವೆ. ಮೈಯ ಕಪ್ಪು ಚರ್ಮದ ಹೊದಿಕೆ, ಫಿಲ್ಮ್ ಸುತ್ತುವ ಕ್ರ್ಯಾಂಕಿನ ಅಂಚು ಫ್ಲ್ಯಾಶ್‌ನಲ್ಲಿ ಎದ್ದು ಬರುತ್ತವೆ, ನಡುವೆ ಚೌಕದೊಳಗೆ ನಿಮ್ಮ ಮನೆ ಅಂಗಳ ಹಸಿರಾಗಿ ಹೊಳೆಯುತ್ತಿರುತ್ತದೆ. ಈ ಫೋಟೋ ಮೊದಲನೆಯದಾಗಿ ಹಾಕಿ.

ಅಂಥದ್ದು ಒಂದೇ ಸಾಕು. ಉಳಿದವೆಲ್ಲ ಕ್ಯಾಮೆರಾ ಹೇಗಿದೆಯೋ ಹಾಗೆ ತೋರಿಸಬೇಕು. ಚೆಂದದ ಬೆಳಕಿನಲ್ಲಿ ಕಲೆ ಮುಚ್ಚುವವರಿದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ಫ್ಲ್ಯಾಶ್‌ನ ನಿಜವಾದ ಉಪಯೋಗ ಇಲ್ಲೇ ಇದೆ. ಓರೆಯಾಗಿ, ಮೇಲ್ಮೈಗೆ ತಾಗಿದಂತೆ ಬೆಳಕು ಬಂದರೆ ಒಂದು ಗೀರೂ ಅಡಗಿರುವುದಿಲ್ಲ.

ಮುಖ್ಯವಾದ್ದು ಲೆನ್ಸ್. ನಮ್ಮ ಜಿಲ್ಲೆಯ ಗಾಳಿಯಲ್ಲಿ ತೇವ ಎಷ್ಟು ಅಂತ ನಿಮಗೇ ಗೊತ್ತು. ಕರಾವಳಿಯಲ್ಲಿ ಉಪ್ಪುಗಾಳಿ, ಘಟ್ಟದ ಮೇಲೆ ತಿಂಗಳುಗಟ್ಟಲೆ ಬಿಡದ ಮಳೆ. ಚರ್ಮದ ಕೇಸಿನೊಳಗೆ ಮುಚ್ಚಿಟ್ಟ ಲೆನ್ಸಿಗೆ ಬೂಷ್ಟು ಹಿಡಿಯದಿದ್ದರೇ ಆಶ್ಚರ್ಯ. ನೋಡಬೇಕಾದರೆ ಹಿಂಬದಿ ತೆರೆಯಬೇಕು. ಸ್ವಲ್ಪ ನಿಲ್ಲಿ, ತೆರೆಯುವ ಮೊದಲು ಪಕ್ಕದ ಕಿಂಡಿಯಲ್ಲಿ ಅಂಕಿ ಕಾಣುತ್ತಿದೆಯಾ ನೋಡಿ. ಕಾಣುತ್ತಿದ್ದರೆ ಒಳಗೆ ರೋಲ್ ಇರಬಹುದು. ಶಟರ್ ಒತ್ತುತ್ತಾ ಕ್ರ್ಯಾಂಕ್ ತಿರುಗಿಸುತ್ತಾ ಹೋಗಿ, ರೋಲ್ ಪೂರ್ತಿ ಸುತ್ತಿಕೊಂಡ ಮೇಲೆ ಕ್ರ್ಯಾಂಕ್ ಸಡಿಲವಾಗಿ ತಿರುಗುತ್ತದೆ, ಆಮೇಲೆ ಕೋಣೆ ಕತ್ತಲೆ ಮಾಡಿ ತೆರೆಯಿರಿ. ಇದಕ್ಕೆ ಹಾಕುವ 120 ರೋಲನ್ನು ಈಗಲೂ ತೊಳೆದುಕೊಡುವ ಲ್ಯಾಬ್‌ಗಳಿವೆ. ನಿಮ್ಮ ತಂದೆ ತೆಗೆದ ಫೋಟೋ ಅದರಲ್ಲಿರಬಹುದು, ದಯವಿಟ್ಟು ಅವಸರ ಮಾಡಬೇಡಿ.

ರೋಲ್ ಇಲ್ಲ ಅಂತ ಖಾತ್ರಿ ಆದ ಮೇಲೆ, ಹಿಂಬದಿ ತೆರೆದು, ಶಟರ್ ಬಿ ಮೇಲೆ, ಅಪರ್ಚರ್ (ಎಫ್ ನಂಬರ್) 3.5ಕ್ಕೆ ಇಟ್ಟು, ಬಟನ್ ಒತ್ತಿ ಹಿಡಿಯಿರಿ. ಕೇಬಲ್ ರಿಲೀಸ್ (ಬಟನ್‌ಗೆ ಸಿಕ್ಕಿಸಿ ಒತ್ತುವ ತಂತಿ) ಇದ್ದರೆ ಕೈ ಖಾಲಿ ಇರುತ್ತದೆ. ಹಿಂದಿನಿಂದ, ನೇರ ಅಲ್ಲ, ಒಂದು ಬದಿಯಿಂದ ಓರೆಯಾಗಿ ಬೆಳಕು ಬರಲಿ. ಮುಂದಿನಿಂದ ನೋಡಿ. ಶುದ್ಧ ಗಾಜು ಕಪ್ಪಗೆ ಕಾಣುತ್ತದೆ. ಬೂಷ್ಟು ಇದ್ದರೆ ಜೇಡರ ಬಲೆಯ ಹಾಗೆ ಎಳೆಎಳೆಯಾಗಿ ಬೆಳ್ಳಗೆ ಹೊಳೆಯುತ್ತದೆ. ಮಂಜು ಮುಸುಕಿದಂತೆ ಇದ್ದರೆ ಅದು ಹೇಜ್. ಯಾವುದಿದ್ದರೂ ಅದೇ ಬೆಳಕಿನಲ್ಲಿ ಫೋಟೋ ತೆಗೆದು ಹಾಕಿ. ಅಂಚಿನಲ್ಲಿ ಸ್ವಲ್ಪ ಬೂಷ್ಟು ಇದ್ದರೆ ಕೊಳ್ಳುವವರು ಓಡಿಹೋಗುವುದಿಲ್ಲ, ಕ್ಲೀನ್ ಮಾಡಿಸುವ ಖರ್ಚು ಲೆಕ್ಕ ಹಾಕುತ್ತಾರೆ ಅಷ್ಟೇ. ಮುಚ್ಚಿಟ್ಟದ್ದು ಕೈಗೆ ಬಂದ ಮೇಲೆ ಕಂಡರೆ ವಾಪಸ್ ಬರುತ್ತದೆ, ಜಗಳವೂ ಬರುತ್ತದೆ.

ಫೋಟೋಗೆ ಮೊದಲು ಧೂಳು ತೆಗೆಯುವುದನ್ನು ಮರೆಯಬೇಡಿ. ಓರೆ ಬೆಳಕಿನಲ್ಲಿ ಪ್ರತಿ ಕಣವೂ ಕಾಣುತ್ತದೆ. ಮೈಗೆ ಮೆತ್ತಗಿನ ಬ್ರಷ್, ಲೆನ್ಸಿಗೆ ರಬ್ಬರ್ ಬ್ಲೋವರ್. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಪಂಚೆಯ ತುದಿಯಿಂದ ಒರೆಸಿದರೆ ಮೇಲಿನ ಕೋಟಿಂಗ್ ಗೀರುತ್ತದೆ. ಕೈ ತಾಗಿ ತಾಗಿ ಬಣ್ಣ ಸವೆದ ಜಾಗಗಳಿಗೆ ಪಾಲಿಶ್, ಪೇಂಟ್ ಏನೂ ಬೇಡ. ದುಡಿದ ಕ್ಯಾಮೆರಾ ಅದು, ಸವೆದಿರಬೇಕು.

ಫೋಟೋದಲ್ಲಿ ಹಿಡಿಯಲಾಗದ್ದು ಎರಡಿವೆ. ಒಂದು ಶಟರ್. 1 ಸೆಕೆಂಡಿಗೆ ಇಟ್ಟು ಒತ್ತಿ, ಮೊಬೈಲ್‌ನಲ್ಲಿ ವಿಡಿಯೋ ಮಾಡಿ. ಒಳಗಿನ ಹಳೇ ಎಣ್ಣೆ ಗಟ್ಟಿಯಾಗಿದ್ದರೆ ನಿಧಾನದ ವೇಗಗಳು ಸಿಕ್ಕಿಹಾಕಿಕೊಳ್ಳುತ್ತವೆ, ಶಬ್ದದಲ್ಲೇ ಗೊತ್ತಾಗುತ್ತದೆ. 1/500ರದ್ದೂ ಒಂದು ಮಾಡಿ. ಇನ್ನೊಂದು ಬೆಳಕು ಅಳೆಯುವ ಮೀಟರ್. ಮುಚ್ಚಳ ಎತ್ತಿದ ಕೂಡಲೇ ಅದು ಆನ್ ಆಗುತ್ತದೆ, ಬೆಳಕಿನ ಕಡೆ ತಿರುಗಿಸಿದರೆ ಸೂಜಿ ಅಲುಗಾಡಬೇಕು. ಅದಕ್ಕೆ ಬೇಕಾದ 1.35 ವೋಲ್ಟಿನ ಮರ್ಕ್ಯುರಿ ಸೆಲ್ ಈಗ ತಯಾರಾಗುವುದಿಲ್ಲ. 1.5 ವೋಲ್ಟಿನದು ಹಾಕಿದರೆ ಸೂಜಿ ಅಲುಗಾಡುತ್ತದೆ, ಆದರೆ ಅಳತೆ ಸ್ವಲ್ಪ ತಪ್ಪುತ್ತದೆ. ಜಾಹೀರಾತಿನಲ್ಲಿ ಹಾಗೇ ಬರೆಯಿರಿ. ಈ ಮಾಡೆಲ್ 1970ರಿಂದ 1986ರವರೆಗೆ ಬಂದದ್ದು. 120 ರೋಲಿನಲ್ಲಿ 12 ಚೌಕ ಫೋಟೋ ಬರುತ್ತವೆ. ಹೊಸದಾಗಿ ಫಿಲ್ಮ್ ಕಲಿಯುವ ಹುಡುಗರು ಇದನ್ನು ಹುಡುಕಿಕೊಂಡು ಬರುತ್ತಾರೆ, ಈ ವಿವರ ಅವರಿಗೆ ಬೇಕಾಗುತ್ತದೆ.

ಕಳಿಸುವ ಮೊದಲು ಸೀರಿಯಲ್ ನಂಬರ್ ಕಾಣುವ ಒಂದು ಫೋಟೋ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಒಳಗಿನ ಸೆಲ್ ತೆಗೆಯಿರಿ. ಮಳೆಗಾಲದಲ್ಲಿ ಕಳಿಸುವುದಾದರೆ ಪ್ಲಾಸ್ಟಿಕ್ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬಾಯಿ ಅಂಟಿಸಿ. ಚರ್ಮದ ಕೇಸನ್ನು ಬೇರೆಯೇ ಸುತ್ತಿ ಇಡಿ, ಬೂಷ್ಟು ಅದರಿಂದಲೇ ಲೆನ್ಸಿಗೆ ಹಬ್ಬುವುದು ಜಾಸ್ತಿ. ಲೆನ್ಸ್ ಫೋಟೋ ತೆಗೆದ ಮೇಲೆ ಬೂಷ್ಟಾ, ಧೂಳಾ ಅಂತ ಗೊತ್ತಾಗದಿದ್ದರೆ ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.