ಕಡಿಮೆ ಬೆಲೆಯ ಹೆಡ್‌ಫೋನ್ ಆಂಪ್ (ಹೆಡ್‌ಫೋನಿಗೆ ಸದ್ದು ಹೆಚ್ಚಿಸಿ ಕೊಡುವ ಆಂಪ್ಲಿಫೈಯರ್) ಚೆನ್ನಾಗಿದೆಯಾ ಅಂತ ಮನೆಯಲ್ಲೇ ಪರೀಕ್ಷೆ ಮಾಡೋದು ಹೇಗೆ?

ಒಂದು ಮಲ್ಟಿಮೀಟರ್ ಸಾಕು, ಜೊತೆಗೆ 33 ಓಮ್ ರೆಸಿಸ್ಟರ್. ಟಿವಿ ರಿಪೇರಿ ಅಂಗಡಿಯಲ್ಲಿ ಕೇಳಿ, ಕೊಡುತ್ತಾರೆ.

ಹೆಡ್‌ಫೋನ್ ತೆಗೆದಿಟ್ಟು 100 ಹರ್ಟ್ಜ್ ಟೋನ್ ಹಾಕಿ, ಔಟ್‌ಪುಟ್ 1 ವೋಲ್ಟ್ ಎಸಿ ತೋರಿಸುವ ಹಾಗೆ ವಾಲ್ಯೂಮ್ ಇಟ್ಟು, ಆಮೇಲೆ ಅದನ್ನು ಮುಟ್ಟದೆ ಔಟ್‌ಪುಟ್‌ನ ಎಡ ಚಾನೆಲ್ (ಎಡ ಕಿವಿಯ ತಂತಿ) ಮತ್ತು ಗ್ರೌಂಡ್ (ಎರಡೂ ಕಿವಿಗೆ ಸೇರಿದ ತಂತಿ) ನಡುವೆ ರೆಸಿಸ್ಟರ್ ಜೋಡಿಸಿ ಮತ್ತೆ ಅಳೆಯಿರಿ. 0.97 ಬಂದರೆ ಔಟ್‌ಪುಟ್ ಇಂಪೀಡೆನ್ಸ್ (ಆಂಪಿನ ಒಳಗಿನ ತಡೆ) ಸುಮಾರು 1 ಓಮ್. ಒಳ್ಳೇ ಆಂಪ್! 0.77ಕ್ಕೆ ಇಳಿದರೆ ಸುಮಾರು 10 ಓಮ್, 32 ಓಮ್ ಹೆಡ್‌ಫೋನಿಗೆ ಇದು ಜಾಸ್ತಿಯೇ ಆಯಿತು. ಆಂಪಿನದು ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಭಾಗ, ಅಂದರೆ ಇಲ್ಲಿ 4 ಓಮ್ ಒಳಗಿರಬೇಕು. ಇಲ್ಲದಿದ್ದರೆ ಬೇಸ್ ಉಬ್ಬಿ ಸ್ವರ ಬದಲಾಗಬಹುದು.

ಆಮೇಲೆ ಟೋನ್ ನಿಲ್ಲಿಸಿ, ಇಯರ್‌ಫೋನ್ ಹಾಕಿ ವಾಲ್ಯೂಮ್ ನಿಧಾನಕ್ಕೆ ಏರಿಸಿ. ಸುಯ್ ಅನ್ನೋದು ಸಾಮಾನ್ಯವಾಗಿ ಆಂಪಿನದೇ ಸದ್ದು. ಗುಂಯ್ ಅಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ, ಎಷ್ಟೋ ಸಲ ತಪ್ಪು ಅದರದ್ದೇ.