ವುಝೂ ಸರಿಯಾಯಿತೇ ಎಂದು ಇನ್ನು ಯಾರನ್ನೂ ಕೇಳಬೇಡ

ತಂಗೀ,

ಈ ವಾರಕ್ಕೆಂದು ಬೇರೊಂದು ಪತ್ರ ತೆಗೆದಿಟ್ಟಿದ್ದೆ. ನಿನ್ನದನ್ನು ಓದಿದ ಮೇಲೆ ಅದನ್ನು ಬದಿಗಿಟ್ಟೆ. ಇದು ಕಾಯುವ ವಿಷಯವಲ್ಲ.

ಉಳಿದ ಓದುಗರಿಗಾಗಿ ಚುಟುಕಾಗಿ ಹೇಳುತ್ತೇನೆ. ಇವಳಿಗೆ ಇಪ್ಪತ್ತೆರಡು ವರ್ಷ. ವರ್ಷದಿಂದ ವಸ್‌ವಾಸ್, ಅಂದರೆ ಬಿಡದೆ ಬರುವ ಅನುಮಾನ, ಕಾಡುತ್ತಿದೆ. ನಮಾಝ್‌ಗೆ ಮುಂಚೆ ಕೈ, ಮುಖ, ಕಾಲು ತೊಳೆಯುವ ವುಝೂ ಮಾಡಿದರೆ ಮೊಣಕೈ ಪೂರ್ತಿ ನೆನೆಯಿತೋ ಇಲ್ಲವೋ ಎಂಬ ಅನುಮಾನ, ನಮಾಝ್‌ಗೆ ನಿಂತರೆ ನಿಯ್ಯತ್ (ಸಂಕಲ್ಪ) ಕೂಡಿತೋ ಇಲ್ಲವೋ ಎಂಬ ಅನುಮಾನ. ಮನೆಯಲ್ಲಿ ಬಾಯಿಬಿಡಲಾಗದೆ, ಮುಸ್ಲಿಮರೇ ಹೆಸರು ಮುಚ್ಚಿಟ್ಟು ಪರಸ್ಪರ ಕಷ್ಟ ಹೇಳಿಕೊಳ್ಳುವ ಆನ್‌ಲೈನ್ ಗುಂಪೊಂದಕ್ಕೆ ಸೇರಿದ್ದಾಳೆ. ಅಲ್ಲಿ ಯಾರೋ ‘ನನಗೂ ಹೀಗೇ ಆಗುತ್ತೆ’ ಅಂದಾಗ ಫೋನ್ ಹಿಡಿದುಕೊಂಡೇ ಅತ್ತಳಂತೆ. ಈಗ ಅದು ಅಕ್ಕನ ಕಣ್ಣಿಗೆ ಬಿದ್ದಿದೆ. ‘ಒಳಗಿನ ವಿಷಯ ಗುರುತಿಲ್ಲದವರ ಮುಂದೆ ಹೇಳೋದು ಗುನಾಹ್ (ಪಾಪ), ಇವತ್ತೇ ಬಿಡು’ ಅಂತ ಅಕ್ಕನ ಹಟ. ಬಿಡಲೋ ಬೇಡವೋ?

ಗುನಾಹ್ ಅಲ್ಲ. ಮುಚ್ಚಿಡು ಎಂದು ದೀನ್ (ನಮ್ಮ ಧರ್ಮ) ಹೇಳುವುದು ಮಾಡಿದ ಪಾಪವನ್ನು. ಕಾಯಿಲೆ ಪಾಪವಲ್ಲ. ಮಗನ ಅಗಲಿಕೆಯ ದುಃಖದಲ್ಲಿ ಪ್ರವಾದಿ ಯಾಕೂಬ್(ಅ)ರ ಕಣ್ಣು ಬೆಳ್ಳಗಾಗಿ ಹೋದದ್ದನ್ನು ಕುರ್‌ಆನ್ ಸೂರಃ ಯೂಸುಫ್‌ನಲ್ಲಿ ಬಿಚ್ಚಿ ಹೇಳಿದೆ. ಅವರ ಈಮಾನ್ (ವಿಶ್ವಾಸ) ಕಡಿಮೆಯಾಗಿತ್ತು ಎಂದು ಯಾರಾದರೂ ಹೇಳುತ್ತಾರೆಯೇ? ಹೆಸರು ಹೇಳದೆ ನಮ್ಮವರೊಬ್ಬರ ಹತ್ತಿರ ಮಾತಾಡಬೇಕು ಅನ್ನಿಸುವುದು ನಿನಗೊಬ್ಬಳಿಗೇ ಅಲ್ಲ. ಬ್ರಿಟನ್‌ನಲ್ಲಿ 2001ರಲ್ಲಿ ಶುರುವಾದ ಮುಸ್ಲಿಂ ಯೂತ್ ಹೆಲ್ಪ್‌ಲೈನ್ ನಿಂತಿರುವುದೇ ಈ ಅಗತ್ಯದ ಮೇಲೆ. ಹೊರಗಿನವರಿಗೆ ‘ವುಝೂ ಅಂದರೆ ಏನು’ ಎಂಬಲ್ಲಿಂದ ಹೇಳುತ್ತಾ ಬರಬೇಕು, ಮನೆಯವರಿಗೆ ಹೇಳಿದರೆ ನಾಳೆ ಸಂಬಂಧಿಕರ ಬಾಯಲ್ಲಿರುತ್ತದೆ. ಈ ಎರಡರ ನಡುವೆ ಸಿಕ್ಕಿದವರಿಗೆ ಇಂಥ ಗುಂಪು ದೊಡ್ಡ ಆಸರೆ. ನಿಜವಾದ ಹೆಸರು, ಫೋಟೊ, ನಂಬರ್ ಕೊಡಬೇಡ. ಖಾಸಗಿಯಾಗಿ ಮೆಸೇಜ್ ಮಾಡಿ ಭೇಟಿಗೆ ಕರೆಯುವವರಿಗೆ ಉತ್ತರವನ್ನೇ ಬರೆಯಬೇಡ. ಅಲ್ಲಿಗೆ ಅಕ್ಕನ ಪ್ರಶ್ನೆ ಮುಗಿಯಿತು.

ನನ್ನ ನಿದ್ದೆ ಕೆಡಿಸಿದ್ದು ಬೇರೆ ಸಾಲು. ಪತ್ರದ ಕೊನೆಯಲ್ಲಿ, ಏನೋ ಸಣ್ಣ ಮಾತು ಎಂಬಂತೆ ಬರೆದಿದ್ದೀಯ: ‘ಮೊನ್ನೆ ರಾತ್ರಿ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ನಾಲ್ಕು ಸಲ ಹಾಕಿದೆ. ಎಲ್ಲರೂ ಸರಿಯಾಗಿದೆ ಅಂದರು. ಆದರೂ ಎದ್ದು ಹೋಗಿ ಮತ್ತೆ ಮಾಡಿದೆ.’

ಕಾಯಿಲೆ ಕೂತಿರುವುದು ಇಲ್ಲೇ. ಇದಕ್ಕೆ ವೈದ್ಯರು ಒಸಿಡಿ ಅನ್ನುತ್ತಾರೆ, ಗೀಳು ಕಾಯಿಲೆ. ನಲ್ಲಿ ತಿರುಗಿಸಿ ಮತ್ತೆ ಮತ್ತೆ ಕೈ ತೊಳೆಯುವುದು ಹೇಗೆ ಗೀಳಿನ ಕೆಲಸವೋ, ‘ಸರಿಯಾಯಿತಾ’ ಎಂದು ಮತ್ತೆ ಮತ್ತೆ ಕೇಳುವುದೂ ಗೀಳಿನದೇ ಕೆಲಸ. ‘ಸರಿಯಾಗಿದೆ’ ಎಂಬ ಉತ್ತರ ಬಂದಾಗ ಎದೆ ಹಗುರಾಗುತ್ತದೆ. ಆ ಹಗುರ ಇಳಿದ ಕೂಡಲೇ ಅನುಮಾನ ಇನ್ನೂ ಗಟ್ಟಿಯಾಗಿ ಬರುತ್ತದೆ, ಏಕೆಂದರೆ ಕೇಳಿದರೆ ಸಮಾಧಾನ ಸಿಗುತ್ತದೆ ಎಂಬುದನ್ನು ಮನಸ್ಸು ಕಲಿತಾಗಿದೆ. ನಡುರಾತ್ರಿಯಲ್ಲೂ ಉತ್ತರ ಕೊಡುವವರಿರುವ ಗುಂಪು ಒಬ್ಬಂಟಿತನಕ್ಕೆ ಮದ್ದು, ಈ ಪ್ರಶ್ನೆಗೆ ಮಾತ್ರ ಬೆಂಕಿಗೆ ಸುರಿದ ಎಣ್ಣೆ. ಅಲ್ಲಿರುವವರು ಒಳ್ಳೆಯವರು. ನಿನ್ನ ಮೇಲಿನ ಕರುಣೆಯಿಂದಲೇ ಉತ್ತರಿಸುತ್ತಿದ್ದಾರೆ, ನಿನ್ನ ಕಾಯಿಲೆ ಬೆಳೆಯುತ್ತಿದೆ.

ಆದರೆ ಒಬ್ಬರನ್ನು ನಾನು ಕ್ಷಮಿಸಲಾರೆ. ನೀನು ‘ಗುಂಪಿನ ಹಿರಿಯರು’ ಎಂದು ಗೌರವದಿಂದ ಕರೆದಿರುವವರು. ‘ಅನುಮಾನ ಬಂದರೆ ಇನ್ನೊಮ್ಮೆ ಮಾಡಿಬಿಡಮ್ಮ, ಮನಸ್ಸಿಗೆ ನೆಮ್ಮದಿ’ ಅಂದರಂತೆ. ಡಾಕ್ಟರ ಮಾತೆತ್ತಿದ್ದಕ್ಕೆ ‘ಮಾತ್ರೆ ತಗೊಳ್ಳೋದು ತವಕ್ಕುಲ್ (ಅಲ್ಲಾಹನ ಮೇಲೆ ಭರವಸೆ) ಇಲ್ಲದವರು’ ಅಂದರಂತೆ. ಎರಡೂ ತಪ್ಪು, ದೀನ್‌ನ ಪ್ರಕಾರವೇ ತಪ್ಪು. ವುಝೂ ಹೇಗೆಂದು ಕೇಳಲು ಬಂದವನಿಗೆ ಪ್ರವಾದಿ(ಸ)ಯವರು ಮೂರು ಮೂರು ಸಲ ತೊಳೆದು ತೋರಿಸಿ, ಇದಕ್ಕಿಂತ ಹೆಚ್ಚು ಮಾಡಿದವನು ಮಿತಿ ಮೀರಿದ ಎಂದರು. ಅವರ ವುಝೂವಿಗೆ ಒಂದು ಮುದ್ದ್ ನೀರು ಸಾಕಾಗುತ್ತಿತ್ತು, ಒಂದು ಬೊಗಸೆಯ ಅಳತೆ. ದೃಢವಾದದ್ದು ಸಂಶಯದಿಂದ ಅಳಿಯದು ಎಂಬುದು ಫಿಕ್ಹ್, ಅಂದರೆ ಧರ್ಮಶಾಸ್ತ್ರದ ಬುನಾದಿ ನಿಯಮಗಳಲ್ಲೊಂದು. ಸದಾ ಸಂಶಯ ಕಾಡುವವರು ಅದನ್ನು ಲೆಕ್ಕಕ್ಕೇ ಹಿಡಿಯಬಾರದು ಎಂದು ಮಾಲಿಕೀ ಪಂಥದ ವಿದ್ವಾಂಸರು ಹೇಳಿದ್ದಾರೆ. ಇನ್ನು ತವಕ್ಕುಲ್: ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲ, ಚಿಕಿತ್ಸೆ ಮಾಡಿಸಿಕೊಳ್ಳಿ ಎಂದವರೂ ಅದೇ ಪ್ರವಾದಿಯವರು. 934ರಲ್ಲಿ ತೀರಿಕೊಂಡ ವಿದ್ವಾಂಸ ಅಬೂ ಝೈದ್ ಅಲ್‌ಬಲ್ಖೀ ವಸ್‌ವಾಸನ್ನು ಮನಸ್ಸಿನ ಕಾಯಿಲೆಗಳ ಸಾಲಿನಲ್ಲಿಟ್ಟು ಅದರ ಉಪಚಾರವನ್ನೂ ಬರೆದಿಟ್ಟರು. ಸಾವಿರ ವರ್ಷದ ಹಿಂದೆ ನಮ್ಮವರಿಗೆ ತಿಳಿದಿದ್ದದ್ದು ಈ ಹಿರಿಯರಿಗೆ ತಿಳಿಯದೆ ಹೋಯಿತು. ತಿಳಿಯದಿರುವುದು ತಪ್ಪಲ್ಲ. ತಿಳಿಯದೆಯೇ, ಗುರುತಿಲ್ಲದ ಹುಡುಗಿಯೊಬ್ಬಳನ್ನು ಮತ್ತೆ ನಲ್ಲಿಯ ಕೆಳಗೆ ಕಳಿಸಿದ್ದು ತಪ್ಪು.

ಅಕ್ಕನ ಮೇಲೆ ನಿನಗೆ ತುಂಬಾ ಸಿಟ್ಟಿದೆ. ನನಗಿಲ್ಲ. ಬಚ್ಚಲ ಬಾಗಿಲ ಹೊರಗೆ ನಿಂತು ನೀರಿನ ಸದ್ದು ಕೇಳಿಸಿಕೊಳ್ಳುತ್ತಿರುವವಳು ಅವಳು. ಬಿರಿದು ರಕ್ತ ಜಿನುಗುವ ನಿನ್ನ ಬೆರಳ ಸಂದಿಗೆ ವ್ಯಾಸಲಿನ್ ತಂದಿಟ್ಟವಳೂ ಅವಳೇ ಎಂದು ನೀನೇ ಬರೆದಿದ್ದೀಯ. ಹೆದರಿದ್ದಾಳೆ, ಹೆದರಿಕೆಯಲ್ಲಿ ‘ಗುನಾಹ್’ ಎಂಬ ಮಾತು ಬಾಯಿಗೆ ಬಂದಿದೆ. ಕೇಳದೆ ಫೋನ್ ನೋಡಿದ್ದು ಮಾತ್ರ ಸರಿಯಲ್ಲ, ಅದನ್ನು ಅವಳಿಗೆ ನೇರವಾಗಿ ಹೇಳು.

ನಾನು ಹೇಳುವುದು ಒಂದೇ. ಮನೋವೈದ್ಯರ ಹತ್ತಿರ ಹೋಗು, ಈ ವಾರವೇ. ಇದಕ್ಕೆ ಔಷಧವಿದೆ, ಮಾತಿನ ಚಿಕಿತ್ಸೆಯೂ ಇದೆ. ಅನುಮಾನ ಬಂದಾಗ ಮತ್ತೆ ತೊಳೆಯದೆ, ಮತ್ತೆ ಕೇಳದೆ ಆ ಸಂಕಟದ ಜೊತೆ ಕೂರುವುದನ್ನು ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸುತ್ತಾರೆ. ಮೊದಲ ವಾರಗಳು ಕಷ್ಟ, ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದೇನೆ. ನಮಾಝ್ ಬಿಡಿಸುತ್ತಾರೆ ಎಂಬ ಭಯ ಬೇಡ. ಧರ್ಮದ ಮಾತು ಬಂದಲ್ಲಿ ನಿನಗೆ ನಂಬಿಕೆಯಿರುವ ಒಬ್ಬರೇ ಆಲಿಮ್, ಅಂದರೆ ಧರ್ಮ ಬಲ್ಲ ವಿದ್ವಾಂಸರ, ಬಳಿ ಒಂದೇ ಸಲ ಕೇಳು. ಅವರು ಹೇಳಿದ್ದಕ್ಕೆ ಅಂಟಿಕೋ, ಎರಡನೆಯವರನ್ನು ಕೇಳಬೇಡ.

ಗುಂಪಿನಲ್ಲಿ ಇರು. ವುಝೂ, ನಿಯ್ಯತ್ ಪ್ರಶ್ನೆಯನ್ನು ಮಾತ್ರ ಅಲ್ಲಿ ಹಾಕಬೇಡ. ‘ನಾನು ಕೇಳಿದರೂ ಉತ್ತರ ಕೊಡಬೇಡಿ’ ಎಂದು ಈಗಲೇ ಬರೆದುಬಿಡು. ಚಿಕಿತ್ಸೆಗೆ ಹೋಗಿ ಬಂದವರು ಯಾರಿದ್ದೀರಿ, ಮನೆಯಲ್ಲಿ ಹೇಗೆ ಹೇಳಿದಿರಿ ಎಂದು ಕೇಳು, ಖಂಡಿತ ಯಾರಾದರೂ ಇರುತ್ತಾರೆ. ಆಸ್ಪತ್ರೆಗೆ ಅಕ್ಕನನ್ನು ಕರೆದುಕೊಂಡು ಹೋಗು. ಅವಳು ಡಾಕ್ಟರ ಕೋಣೆಯೊಳಗೆ ಬರಬೇಕೋ ಹೊರಗೇ ಕೂರಬೇಕೋ ಎಂಬುದು ನಿನ್ನ ಇಷ್ಟ.