ಎಕ್ಸ್‌ಚೇಂಜ್‌ನಲ್ಲಿದ್ದ ಅರ್ಧ ಫೋನು

ಪ್ರಶ್ನೆ: ನಮ್ಮದು ಶಿರಾ ಹತ್ತಿರದ ಹಳ್ಳಿ. ಹಳೆಯ ತಂತಿ ಲೈನ್ ಇದ್ದಾಗ ರಾತ್ರಿಯಿಡೀ ಕರೆಂಟ್ ಇಲ್ಲದಿದ್ದರೂ ಫೋನ್ ಮಾಡಬಹುದಿತ್ತು. ಫೈಬರ್ ಹಾಕಿಸಿದ ಮೇಲೆ ಕರೆಂಟ್ ಹೋದ ತಕ್ಷಣ ಡಯಲ್ ಟೋನ್ ಮಾಯ. ಫೋನು ಮಾತ್ರ ಅದೇ ಹಳೆಯದು. ಹೊಸ ಪೆಟ್ಟಿಗೆ ಕೆಟ್ಟಿದೆ ಅಂತ ನಮ್ಮ ಯಜಮಾನರು ಹೇಳುತ್ತಾರೆ. ನಿಜವೇ? – ಗೃಹಿಣಿ, ಶಿರಾ ತಾಲ್ಲೂಕು

ಉತ್ತರ: ಪೆಟ್ಟಿಗೆ ಕೆಟ್ಟಿಲ್ಲ ಅಮ್ಮಾ. ಇಷ್ಟು ವರ್ಷ ನಿಮ್ಮ ಮನೆಯಲ್ಲಿ ಇದ್ದದ್ದು ಅರ್ಧ ಫೋನು. ಇನ್ನರ್ಧ ಎಕ್ಸ್‌ಚೇಂಜ್‌ನಲ್ಲಿತ್ತು. ಅದಕ್ಕೆ ಲೈನ್ ಸರ್ಕ್ಯೂಟ್ ಅನ್ನುತ್ತಾರೆ. ನಿಮ್ಮ ಫೋನಿಗೆ ಬೇಕಾದ ಕರೆಂಟ್ ಮನೆಯ ಪ್ಲಗ್ಗಿನಿಂದ ಬರುತ್ತಿರಲಿಲ್ಲ, ಅಲ್ಲಿಂದ ಬರುತ್ತಿತ್ತು.

ಎಕ್ಸ್‌ಚೇಂಜ್‌ನಲ್ಲಿ ಬ್ಯಾಟರಿಗಳಿಗೇ ಒಂದು ಕೋಣೆ. 2 ವೋಲ್ಟ್‌ನ 24 ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 48 ವೋಲ್ಟ್. ಆ 48 ವೋಲ್ಟ್ ಹಗಲು ರಾತ್ರಿ ನಿಮ್ಮ ಎರಡೆಳೆ ತಂತಿಯ ಮೇಲೆ ಇರುತ್ತಿತ್ತು. ಊರಿನಲ್ಲಿ ಕರೆಂಟ್ ಹೋದರೆ ಬ್ಯಾಟರಿ, ಬ್ಯಾಟರಿ ಇಳಿಯುವ ಹೊತ್ತಿಗೆ ಡೀಸೆಲ್ ಜನರೇಟರ್. ನಿಮಗೆ ಏನೂ ಗೊತ್ತಾಗುತ್ತಿರಲಿಲ್ಲ ಅಷ್ಟೇ.

ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಆ 48 ವೋಲ್ಟ್ ಮೈನಸ್. ಪ್ಲಸ್ ತುದಿಯನ್ನು ಭೂಮಿಗೆ ಕೊಟ್ಟಿರುತ್ತಾರೆ. ತೇವ ತಾಗಿದರೆ ಪ್ಲಸ್ ಕಡೆಯ ತಾಮ್ರ ಸವೆಯುತ್ತದೆ, ಮೈನಸ್ ಕಡೆಯದು ಉಳಿಯುತ್ತದೆ. ಮಳೆಗಾಲದಲ್ಲಿ ಕೇಬಲ್ ಜಾಯಿಂಟ್‌ಗೆ ನೀರು ನುಗ್ಗಿದಾಗ ಪರದಾಡಿದ ನನ್ನಂಥವರಿಗೆ ಈ ಉಪಾಯ ಮಾಡಿದವರ ಮೇಲೆ ತುಂಬಾ ಗೌರವ.

ಫೈಬರ್ ಅಂದರೆ ಗಾಜಿನ ಎಳೆ. ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಹಾಗಾಗಿ ಎಕ್ಸ್‌ಚೇಂಜ್‌ನ ಆ ಅರ್ಧ ಫೋನು ಈಗ ನಿಮ್ಮ ಗೋಡೆಯ ಪೆಟ್ಟಿಗೆಯೊಳಗೆ ಒಂದು ಚಿಪ್ ಆಗಿ ಬಂದು ಕೂತಿದೆ. ಫೋನಿನ ತಂತಿಗೆ ಬೇಕಾದ ವೋಲ್ಟೇಜ್ ಅದೇ ತಯಾರಿಸುತ್ತದೆ. ಅದಕ್ಕೆ ಊಟ ಹಾಕಬೇಕಾದವರು ಈಗ ನೀವು! ಅಡಾಪ್ಟರ್ ಮೇಲೆ ಬರೆದಿರುವುದನ್ನು ನೋಡಿ. ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ. ಅಷ್ಟೇ ವೋಲ್ಟ್, ಅಷ್ಟೇ ಅಥವಾ ಜಾಸ್ತಿ ಆಂಪಿಯರ್ ಕೊಡುವ ಮಿನಿ ಯುಪಿಎಸ್ ತಂದು ಹಾಕಿ. ಸಾಕು.

ಮನೆಯ ಹಳೆಯ ಫೋನ್ ವೈರಿಂಗ್‌ಗೆ ಹೊಸ ಪೆಟ್ಟಿಗೆ ಜೋಡಿಸಿದ್ದರೆ, ಕಂಬದಿಂದ ಬರುವ ಹಳೆಯ ತಂತಿಯನ್ನು ಪೂರ್ತಿ ಬಿಡಿಸಿದ್ದಾರಾ ನೋಡಿಸಿ. ಆ ಕಡೆಯಿಂದ 48 ವೋಲ್ಟ್ ಇನ್ನೂ ಬರುತ್ತಿದ್ದರೆ ಆಗ ಪೆಟ್ಟಿಗೆ ನಿಜವಾಗಿಯೂ ಕೆಡುತ್ತದೆ, ಯಜಮಾನರ ಮಾತೇ ಗೆಲ್ಲುತ್ತದೆ.

ಪ್ರಶ್ನೆ: ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ಹಳೆಯ ಯಾಂತ್ರಿಕ ಎಕ್ಸ್‌ಚೇಂಜ್‌ನಲ್ಲಿ ಒಂದು ಲೈನಿಗೆ ಒಂದೆರಡು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್ಚು) ಸಾಕಿತ್ತಂತೆ. ಡಿಜಿಟಲ್ ಬಂದ ಮೇಲೆ ಒಂದೊಂದು ಲೈನಿಗೂ ಅಷ್ಟೊಂದು ಸರ್ಕ್ಯೂಟ್ ಯಾಕೆ ಬೇಕಾಯಿತು? ಕಡಿಮೆ ಆಗಬೇಕಿತ್ತಲ್ವಾ? – ವಿದ್ಯಾರ್ಥಿ, ತುಮಕೂರು

ಉತ್ತರ: ಒಳ್ಳೆಯ ಪ್ರಶ್ನೆ. ಸುಮ್ನೆ ಹೊಗಳುತ್ತಿಲ್ಲ, ಲೈನ್ ಕಾರ್ಡ್, ಅಂದರೆ ಲೈನ್ ಸರ್ಕ್ಯೂಟುಗಳಿರುವ ಹಲಗೆಯ ರಿಪೇರಿಗೆ ಹೊಸದಾಗಿ ಸೇರಿದಾಗ ನನಗೂ ಇದೇ ಗೊಂದಲ ಇತ್ತು.

ಎಕ್ಸ್‌ಚೇಂಜ್‌ನಲ್ಲಿ ಒಂದು ಲೈನನ್ನು ಇನ್ನೊಂದಕ್ಕೆ ಜೋಡಿಸುವ ಭಾಗವೇ ಸ್ವಿಚ್. ಹಳೆಯ ಸ್ವಿಚ್ಚಿನಲ್ಲಿ ಲೋಹಕ್ಕೆ ಲೋಹ ತಾಗುತ್ತಿತ್ತು. ಅದರ ಮೂಲಕ 48 ವೋಲ್ಟ್ ಕಳಿಸಿ, ಬೆಲ್ ಬಾರಿಸುವ 75 ವೋಲ್ಟ್ ಎಸಿ ಕಳಿಸಿ, ಅದಕ್ಕೆ ಏನೂ ಅನ್ನಿಸುತ್ತಿರಲಿಲ್ಲ. ಹಾಗಾಗಿ ಬ್ಯಾಟರಿ ಕೊಡುವುದು, ಬೆಲ್ ಬಾರಿಸುವುದು ಎಲ್ಲವೂ ಸ್ವಿಚ್ಚಿನ ಆಚೆ ಕಡೆ. ನೂರಾರು ಲೈನಿಗೆ ಕೆಲವೇ ಸರ್ಕ್ಯೂಟು. ಯಾರಿಗೆ ಬೇಕೋ ಅವರಿಗೆ ಆ ಹೊತ್ತಿಗೆ ಜೋಡಿಸಿದರಾಯಿತು.

ಡಿಜಿಟಲ್ ಸ್ವಿಚ್ 5 ವೋಲ್ಟ್‌ನ ಚಿಪ್ಪುಗಳದ್ದು. ಅದರ ಮೂಲಕ 75 ವೋಲ್ಟ್ ಕಳಿಸಿದರೆ ಸುಟ್ಟು ಕರಕಲು. ಹೀಗಾಗಿ ಆ ಕೆಲಸಗಳೆಲ್ಲ ಸ್ವಿಚ್ಚಿನ ಈಚೆಗೆ, ಅಂದರೆ ಪ್ರತಿ ಲೈನಿನ ಬಾಗಿಲಿಗೇ ಬಂದವು. ಹಂಚಿಕೊಳ್ಳುವ ಮಾತೇ ಇಲ್ಲ. ಲೈನ್ ಸರ್ಕ್ಯೂಟಿನಲ್ಲಿ ಐದು ರೂಪಾಯಿ ಉಳಿಸಿದರೆ ಹತ್ತು ಸಾವಿರ ಲೈನಿಗೆ ಐವತ್ತು ಸಾವಿರ. ಚಿಪ್ ಕಂಪನಿಗಳು ಇದನ್ನೇ ಹಿಡಿದು ಸ್ಲಿಕ್ ಚಿಪ್, ಅಂದರೆ ಲೈನ್ ಸರ್ಕ್ಯೂಟಿನ ಚಿಪ್ ಮಾಡಿದ್ದು.

ಲೈನ್ ಸರ್ಕ್ಯೂಟಿನ ಕೆಲಸ ಒಟ್ಟು ಏಳು. ಬ್ಯಾಟರಿ ಕೊಡುವುದು, ಸಿಡಿಲಿನಿಂದ ಕಾಯುವುದು, ಬೆಲ್ ಬಾರಿಸುವುದು, ರಿಸೀವರ್ ಎತ್ತಿದ್ದನ್ನು ಗಮನಿಸುವುದು, ಮಾತನ್ನು ಅಂಕಿ ಮಾಡುವುದು, ಹೋಗುವ ಬರುವ ಮಾತನ್ನು ಬೇರೆ ಮಾಡುವುದು, ಲೈನ್ ಪರೀಕ್ಷೆ. ಇವುಗಳ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರ ಸೇರಿಸಿ ಬೋರ್ಶ್ಟ್ ಅಂತ ಹೆಸರಿಟ್ಟಿದ್ದಾರೆ. ಅದು ಪೂರ್ವ ಯುರೋಪಿನ ಬೀಟ್‌ರೂಟ್ ಸೂಪಿನ ಹೆಸರು. ನಮ್ಮ ಕಡೆಯವರು ಇಟ್ಟಿದ್ದರೆ ಬಸ್ಸಾರು ಅಂತಿದ್ದರೇನೋ.

ಕಷ್ಟದ ಕೆಲಸ ಯಾವುದು ಅಂದರೆ, ಹೋಗುವ ಬರುವ ಮಾತನ್ನು ಬೇರೆ ಮಾಡುವುದು. ಮನೆಯ ತಂತಿ ಎರಡೇ ಎಳೆ, ಅದರಲ್ಲೇ ಎರಡೂ ಕಡೆಯ ಮಾತು. ಎತ್ತಿನ ಗಾಡಿಯ ಓಣಿಯಲ್ಲಿ ಎದುರುಬದುರು ಗಾಡಿ ಬಂದ ಹಾಗೆ. ಆದರೆ ಡಿಜಿಟಲ್ ಕಡೆಗೆ ಹೋಗುವುದಕ್ಕೊಂದು, ಬರುವುದಕ್ಕೊಂದು ದಾರಿ ಬೇಕು. ಇದನ್ನು ಬಿಡಿಸುವ ಭಾಗವೇ ಹೈಬ್ರಿಡ್. ಅದರೊಳಗೆ ನಿಮ್ಮ ಲೈನಿನ ನಕಲಿನಂಥ ಒಂದು ಸಣ್ಣ ಜಾಲ ಇರುತ್ತದೆ. ನಕಲು ಅಸಲಿಗೆ ಸರಿಹೊಂದದಿದ್ದರೆ ಆಡಿದ ಮಾತೇ ಪ್ರತಿಧ್ವನಿಯಾಗಿ ವಾಪಸ್ ಬರುತ್ತದೆ. ಅರ್ಧ ಕಿಲೋಮೀಟರ್ ಲೈನೂ ಐದು ಕಿಲೋಮೀಟರ್ ಲೈನೂ ಒಂದೇ ಥರ ಇರುವುದಿಲ್ಲ, ಹಾಗಾಗಿ ಈ ಹೊಂದಾಣಿಕೆ ಯಾವಾಗಲೂ ಅಂದಾಜಿನದೇ.

ಮಾತನ್ನು ಅಂಕಿ ಮಾಡುವುದನ್ನು ನೀವು ಪಾಠದಲ್ಲೇ ಓದಿರುತ್ತೀರಿ. ಸೆಕೆಂಡಿಗೆ 8000 ಸಲ ಅಳೆದು, ಒಂದೊಂದಕ್ಕೂ 8 ಬಿಟ್, ಸೆಕೆಂಡಿಗೆ ಒಟ್ಟು 64,000 ಬಿಟ್. ರಿಸೀವರ್ ಎತ್ತಿದ್ದು ಗೊತ್ತಾಗುವುದು ಇನ್ನೂ ಸುಲಭ. ಕೆಳಗಿಟ್ಟಾಗ ಕರೆಂಟ್ ಹರಿಯುವುದಿಲ್ಲ, ಎತ್ತಿದರೆ 20–30 ಮಿಲಿಆಂಪಿಯರ್ ಹರಿಯುತ್ತದೆ. ಆದರೆ ಬೆಲ್ ಆಗುತ್ತಿರುವಾಗ ಎತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ 75 ವೋಲ್ಟ್ ಕಡಿಯಬೇಕು. ಇಲ್ಲದಿದ್ದರೆ ಕಿವಿ ಗತಿ ಏನು?

ಹಳ್ಳಿಗಳಿಗೆ ಇದೆಲ್ಲ ಬಂದದ್ದು 1984ರಲ್ಲಿ ಶುರುವಾದ ಸಿ-ಡಾಟ್ ಎಂಬ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆಯಿಂದ. ಅವರ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ನಮ್ಮ ರಾಜ್ಯದ ಕಿತ್ತೂರಿನಲ್ಲೇ ಮೊದಲು ಶುರುವಾಯಿತು. ತಂಪು ಮಾಡುವ ಏರ್ ಕಂಡೀಷನರ್ ಇಲ್ಲದ ಕೋಣೆಯಲ್ಲೂ ನಡೆಯುವ ಯಂತ್ರ. ಶಿರಾ, ಪಾವಗಡದ ಬಿಸಿಲು ಕಂಡವರಿಗೆ ಅದರ ಬೆಲೆ ಗೊತ್ತು.

ಪ್ರಶ್ನೆ: ಮಂಡಿಯಲ್ಲಿ ತಾತನ ಕಾಲದ, ಬೆರಳಲ್ಲಿ ತಿರುಗಿಸುವ ಫೋನ್ ಇದೆ. ಕೊಬ್ಬರಿ ರೇಟು ಕೇಳಿದ್ದೆಲ್ಲ ಅದರಲ್ಲೇ. ಫೈಬರ್ ಪೆಟ್ಟಿಗೆಗೆ ಹಾಕಿದರೆ ಮಾತು ಕೇಳುತ್ತದೆ, ಆದರೆ ನಂಬರ್ ಹೋಗುವುದಿಲ್ಲ, ಗಂಟೆ ಕೂಡ ಸಣ್ಣಗೆ. ಎಸೆಯಬೇಕಾ? – ಕೊಬ್ಬರಿ ವ್ಯಾಪಾರಿ, ತಿಪಟೂರು

ಉತ್ತರ: ದಯವಿಟ್ಟು ಎಸೆಯಬೇಡಿ. ಆ ಫೋನಿನಲ್ಲಿ 5 ತಿರುಗಿಸಿದರೆ ಲೈನ್ ಐದು ಸಲ ಕಡಿದು ಕೂಡುತ್ತದೆ, 0 ತಿರುಗಿಸಿದರೆ ಹತ್ತು ಸಲ. ಎಕ್ಸ್‌ಚೇಂಜ್ ಅದನ್ನು ಎಣಿಸುತ್ತಿತ್ತು. ಹೀಗೆ ಕಡಿದು ಕೂಡುವುದಕ್ಕೆ ಪಲ್ಸ್ ಅನ್ನುತ್ತಾರೆ. ಈಗಿನ ಎಷ್ಟೋ ಪೆಟ್ಟಿಗೆಗಳಿಗೆ ಈ ಎಣಿಕೆ ಬರುವುದಿಲ್ಲ, ಗುಂಡಿ ಒತ್ತುವ ಫೋನಿನ ಟೋನ್ ಮಾತ್ರ ಅರ್ಥವಾಗುತ್ತದೆ. ಪಲ್ಸನ್ನು ಟೋನ್ ಮಾಡಿಕೊಡುವ ಪುಟ್ಟ ಪರಿವರ್ತಕಗಳಿವೆ. ಅದನ್ನು ಫೋನಿಗೂ ಪೆಟ್ಟಿಗೆಗೂ ನಡುವೆ ಹಾಕಿ.

ಗಂಟೆಯ ವಿಷಯ ಬೇರೆ. ನಿಮ್ಮ ಫೋನಿನಲ್ಲಿ ನಿಜವಾದ ಲೋಹದ ಬಟ್ಟಲು ಗಂಟೆ ಇದೆ, ಅದನ್ನು ಬಡಿಯುವುದಕ್ಕೆ ಶಕ್ತಿ ಬೇಕು. ಎಕ್ಸ್‌ಚೇಂಜ್‌ಗೆ ಅದು ಲೆಕ್ಕವೇ ಅಲ್ಲ, ಈ ಸಣ್ಣ ಚಿಪ್‌ಗೆ ಭಾರ. ಅದೇ ಲೈನಿಗೆ ಇನ್ನೊಂದು ಫೋನ್ ಹಾಕಿದ್ದರೆ ಕಿತ್ತು ನೋಡಿ, ಬಹುಶಃ ಗಂಟೆ ಜೋರಾಗುತ್ತದೆ. ತಂತಿ ಮುಟ್ಟುವಾಗ ಕೈ ಒದ್ದೆ ಇರಬಾರದು. ಆ ಹೊತ್ತಿಗೇ ಯಾರಾದರೂ ರೇಟು ಕೇಳಲು ಫೋನ್ ಮಾಡಿದರೆ ಚುರ್ ಅಂತ ಹೊಡೆಯುತ್ತದೆ.